ಮೊದಲ ತಿಂಗಳನ್ನು ಬೇರೆಯವರ ಕೈಗೆ ಬಿಡಬೇಡಿ

ತಾರಸಿಯ ಮೇಲೆ, ಹಿತ್ತಿಲಲ್ಲಿ, ಬಾಲ್ಕನಿಯ ನಾಲ್ಕು ಕುಂಡಗಳಲ್ಲಿ ಟೊಮೇಟೊ ಬೆಳೆಯುವ ಎಲ್ಲ ಕೈತೋಟದ ಬಂಧುಗಳಿಗೆ,



ಮುಂಗಾರು ಹಿಡಿಯುತ್ತಿದ್ದಂತೆ ನಮ್ಮ ಬೀದಿಗಳಿಗೆ ಸಸಿ ಗಾಡಿಗಳು ಬರುತ್ತವೆ. ತುಳಸಿ, ದಾಸವಾಳ, ಸೇವಂತಿಗೆಯ ಕವರುಗಳ ನಡುವೆ ಟೊಮೇಟೊ, ಬದನೆ, ಮೆಣಸಿನ ಸಸಿಗಳ ಕಟ್ಟೂ ಇರುತ್ತದೆ. ಯಾವ ತಳಿ ಎಂದು ಕೇಳಿದರೆ “ನಾಟಿ ಟೊಮೇಟೊನೇ ಅಕ್ಕಾ, ಚೆನ್ನಾಗಿ ಬಿಡುತ್ತೆ” ಎನ್ನುತ್ತಾರೆ. ಗಾಡಿಯವರಿಗೂ ಅದಕ್ಕಿಂತ ಹೆಚ್ಚು ಗೊತ್ತಿರುವುದಿಲ್ಲ. ಅವರು ಎಲ್ಲಿಂದಲೋ ಸಸಿ ತಂದವರು, ಅಲ್ಲಿಯವರು ಇನ್ನೆಲ್ಲಿಂದಲೋ ಬೀಜ ತಂದವರು. ನಾವು ಐದಾರು ಸಸಿ ಕೊಂಡು, ಕೆಮ್ಮಣ್ಣು, ಗೊಬ್ಬರ, ಬೇವಿನ ಹಿಂಡಿ ಹದವಾಗಿ ಬೆರೆಸಿಟ್ಟ ಕುಂಡದಲ್ಲಿ ನೆಡುತ್ತೇವೆ. ಎರಡು ವಾರ ಎಲ್ಲ ಚಂದ. ಮೂರನೇ ವಾರ ತುದಿಯ ಎಲೆಗಳು ಮೇಲ್ಮುಖವಾಗಿ ಮುದುಡಿಕೊಳ್ಳುತ್ತವೆ, ಅಂಚು ಹಳದಿಗೆ ತಿರುಗುತ್ತದೆ, ಗೆಣ್ಣುಗಳ ನಡುವಿನ ಅಂತರ ಕುಗ್ಗಿ ಗಿಡ ಗಿಡ್ಡವಾಗಿಯೇ ನಿಂತುಬಿಡುತ್ತದೆ. ಹೂ ಬಂದರೂ ಉದುರುತ್ತದೆ. “ನಮ್ಮ ಮಣ್ಣು ಸರಿಯಿಲ್ಲ”, “ನನ್ನ ಕೈಗುಣ ಸರಿಯಿಲ್ಲ” ಎಂದುಕೊಂಡು ಎಷ್ಟೋ ಜನ ಟೊಮೇಟೊ ಸಹವಾಸವನ್ನೇ ಬಿಟ್ಟಿದ್ದಾರೆ.

ಮಣ್ಣಿನದೂ ತಪ್ಪಿಲ್ಲ, ಕೈಗುಣದ್ದೂ ತಪ್ಪಿಲ್ಲ. ಇಂಥ ಗಿಡಗಳಲ್ಲಿ ಬಹಳಷ್ಟು ನಿಮ್ಮ ಮನೆ ಸೇರುವ ಮೊದಲೇ ರೋಗ ಹತ್ತಿಸಿಕೊಂಡು ಬಂದಿರುತ್ತವೆ. ಅದಕ್ಕೇ ಈ ಪತ್ರ. ಈ ಸಲ ಸಸಿ ಕೊಳ್ಳಬೇಡಿ. ಹೆಸರು ಗೊತ್ತಿರುವ ತಳಿಯ ಬೀಜ ತಂದು ಸಸಿಯನ್ನು ಮನೆಯಲ್ಲೇ ಎಬ್ಬಿಸಿ ಎಂದು ಕೇಳಿಕೊಳ್ಳುತ್ತಿದ್ದೇನೆ.

ಮೊದಲು ಆ ರೋಗದ ವಿಷಯ. ಎಲೆ ಮುದುಡು ರೋಗಕ್ಕೆ ಕಾರಣ ಒಂದು ನಂಜು, ಅದನ್ನು ಹರಡುವುದು ಬಿಳಿ ನೊಣ. ಒಂದು ಮಿಲಿಮೀಟರಿನಷ್ಟು ಉದ್ದದ ಕೀಟ. ಎಲೆ ಅಲುಗಿಸಿದರೆ ಹಿಟ್ಟು ಉದುರಿದ ಹಾಗೆ ಎದ್ದು ಮತ್ತೆ ಎಲೆಯ ಅಡಿಗೇ ಹೋಗಿ ಕೂರುತ್ತದೆ. ರೋಗದ ಗಿಡದ ರಸ ಒಮ್ಮೆ ಹೀರಿತೆಂದರೆ ಬದುಕಿರುವಷ್ಟು ದಿನವೂ ಕೂತಲ್ಲೆಲ್ಲ ನಂಜು ಹಚ್ಚಬಲ್ಲದು. ನಂಜು ಹೊಕ್ಕ ಸಸಿ ಕೂಡಲೇ ಅದನ್ನು ತೋರಿಸುವುದಿಲ್ಲ, ಲಕ್ಷಣ ಕಾಣಲು ಎರಡು ಮೂರು ವಾರ ಬೇಕು. ಹಾಗಾಗಿ ಗಾಡಿಯಲ್ಲಿ ಕಂಡಾಗ ಸಸಿ ಹಸಿರಾಗಿ, ಲಕಲಕ ಎನ್ನುತ್ತಲೇ ಇರುತ್ತದೆ. ಒಮ್ಮೆ ಬಂದ ಮೇಲೆ ಇದಕ್ಕೆ ಯಾವ ಔಷಧಿಯೂ ಇಲ್ಲ. ಬೇವಿನೆಣ್ಣೆ ಹೊಡೆದರೆ ನೊಣ ಕಡಿಮೆಯಾದೀತು, ಗಿಡದೊಳಗಿನ ನಂಜು ಹೋಗದು. ಗಿಡ ದೊಡ್ಡದಾದ ಮೇಲೆ ರೋಗ ತಗುಲಿದರೆ ಅಷ್ಟೋ ಇಷ್ಟೋ ಹಣ್ಣು ಸಿಗುತ್ತದೆ. ಸಸಿಯಾಗಿದ್ದಾಗಲೇ ತಗುಲಿದರೆ ಬೆಳೆಯೇ ಇಲ್ಲವೆನ್ನಬೇಕು. ಟೊಮೇಟೊ ಗಿಡದ ಬದುಕಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾವಲು ಬೇಕಾಗಿರುವುದು ಮೊದಲ 25–30 ದಿನಗಳಿಗೆ. ಆ ದಿನಗಳನ್ನೇ ನಾವು ಹೆಸರು ಗೊತ್ತಿಲ್ಲದವರಿಗೆ ವಹಿಸಿಕೊಟ್ಟಿದ್ದೇವೆ.

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ ಕಡೆಯ ರೈತರನ್ನು ನೋಡಿ. ದೇಶದ ದೊಡ್ಡ ಟೊಮೇಟೊ ಮಾರುಕಟ್ಟೆಗಳಲ್ಲೊಂದನ್ನು ತುಂಬಿಸುವ ಜನ ಅವರು. ಹಿಂದೆ ಹೊಲದ ಮೂಲೆಯಲ್ಲಿ ಏರು ಮಡಿ ಮಾಡಿ ಒಟ್ಲು ಬಿಡುತ್ತಿದ್ದರು. ಈಗ ಹೆಚ್ಚಿನವರು ನರ್ಸರಿಗೆ ಹೇಳಿ, 98 ಗುಳಿಯ ಪ್ರೋ ಟ್ರೇಗಳಲ್ಲಿ ಸಸಿ ಮಾಡಿಸಿಕೊಳ್ಳುತ್ತಾರೆ. ಆದರೆ ಯಾವ ಕಂಪನಿಯ ಯಾವ ತಳಿ, ಎಂದು ಬಿತ್ತಿದ್ದು, ಎಷ್ಟು ದಿನದ ಸಸಿ ಎಂದು ಕೇಳದೆ ಅವರಲ್ಲಿ ಯಾರೂ ಒಂದು ಟ್ರೇಯನ್ನೂ ಎತ್ತಿಕೊಂಡು ಹೋಗುವುದಿಲ್ಲ. ಒಳ್ಳೆಯ ನರ್ಸರಿಗಳು ಸಸಿಗಳನ್ನು ಕೀಟ ನುಸುಳದ ಬಲೆಯ ಮನೆಯಲ್ಲೇ ಬೆಳೆಸುತ್ತವೆ. ಎಕರೆಗಟ್ಟಲೆ ಬೆಳೆಯುವವರು ಇಷ್ಟು ಎಚ್ಚರ ವಹಿಸುವಾಗ ಆರು ಗಿಡ ಬೆಳೆಯುವ ನಮಗೆ ಅದು ಕಷ್ಟದ ಕೆಲಸವೇನಲ್ಲ.

ಇನ್ನು ಬೀಜ. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೆ. ‘ಅರ್ಕಾ’ ಎಂದು ಶುರುವಾಗುವ ತರಕಾರಿ ತಳಿಗಳೆಲ್ಲ ಅಲ್ಲಿಯವು, ಬೀಜವನ್ನೂ ಅಲ್ಲಿ ಮಾರುತ್ತಾರೆ. ಅವುಗಳಲ್ಲಿ ಎರಡು ಬಗೆ ಎಂಬುದು ನಿಮಗೆ ತಿಳಿದಿರಲಿ. ಅರ್ಕಾ ವಿಕಾಸ್, ಅರ್ಕಾ ಸೌರಭ್, ಅರ್ಕಾ ಮೇಘಾಲಿ ಸಾಮಾನ್ಯ ತಳಿಗಳು. ಇವುಗಳ ಹಣ್ಣಿನಿಂದ ತೆಗೆದ ಬೀಜ ಬಿತ್ತಿದರೆ ಅದೇ ಗಿಡ, ಅದೇ ಹಣ್ಣು. ಅರ್ಕಾ ರಕ್ಷಕ್, ಅರ್ಕಾ ಸಾಮ್ರಾಟ್, ಅರ್ಕಾ ಅಭೇದ್ ಹೈಬ್ರಿಡ್‌ಗಳು. ಅರ್ಕಾ ರಕ್ಷಕ್ ಅಲ್ಲಿ ವಿಜ್ಞಾನಿಯಾಗಿದ್ದ ಎ.ಟಿ. ಸದಾಶಿವ ಅವರ ತಂಡದ ಕೊಡುಗೆ. ಎಲೆ ಮುದುಡು, ದುಂಡಾಣು ಸೊರಗು, ಎಲೆ ಅಂಗಮಾರಿ ಈ ಮೂರನ್ನೂ ತಡೆಯುವ ಶಕ್ತಿ ಒಂದೇ ಗಿಡದಲ್ಲಿ ಸೇರಿದೆ. ಹೆಸರಘಟ್ಟದ ಆಚೆ ದೆಹಲಿಯ ಪೂಸಾ ರೂಬಿ, ತಮಿಳುನಾಡಿನ ಪೆರಿಯಕುಳಂನ ಪಿಕೆಎಂ-1 ಕೂಡ ಬೀಜ ಉಳಿಸಿಕೊಳ್ಳಬಹುದಾದ ತಳಿಗಳೇ. ಸಾರಿಗೆ ಹುಳಿ ಬೇಕು ಎನ್ನುವವರಿಗೆ ಇವು ಸರಿ. ಅಂಗಡಿಯ ದಪ್ಪ ಸಿಪ್ಪೆಯ ಟೊಮೇಟೊ ದೂರದ ಲಾರಿ ಪ್ರಯಾಣಕ್ಕೆಂದು ಆಯ್ದದ್ದು, ಅದರಲ್ಲಿ ಆ ಹುಳಿ, ಆ ರಸ ಹುಡುಕುವುದು ವ್ಯರ್ಥ.

ನಾನು ಹೈಬ್ರಿಡ್ ವಿರೋಧಿಯಲ್ಲ. ಅದರ ಹಿಂದೆ ನಮ್ಮ ನಾಡಿನ ದೊಡ್ಡ ದುಡಿಮೆಯಿದೆ. 1973ರಲ್ಲಿ ಬೆಂಗಳೂರಿನ ಇಂಡೋ ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆ ‘ಕರ್ನಾಟಕ’ ಎಂಬ ಹೆಸರಿನಲ್ಲೇ ಹೈಬ್ರಿಡ್ ಟೊಮೇಟೊ ಹೊರತಂದಿತ್ತು. ಇವತ್ತಿಗೂ ರಾಣೆಬೆನ್ನೂರು ಸುತ್ತಿನ ಊರುಗಳಲ್ಲಿ ಹೆಣ್ಣುಮಕ್ಕಳು ಟೊಮೇಟೊ ಗಿಡಗಳ ಸಾಲಿನಲ್ಲಿ ಕೂತು, ಇನ್ನೂ ಅರಳದ ಮೊಗ್ಗನ್ನು ಚಿಮಟದಿಂದ ಬಿಡಿಸಿ, ಹಳದಿ ಪರಾಗಕೋಶವನ್ನಷ್ಟೇ ಕಿತ್ತು, ಒಳಗಿನ ಶಲಾಕೆ ಮುರಿಯದಂತೆ ಉಳಿಸಿ, ಅದಕ್ಕೆ ಬೇರೆ ಗಿಡದ ಪರಾಗ ಮುಟ್ಟಿಸುತ್ತಾರೆ. ಹೂವಿಗೊಂದು ಸಲ, ಒಬ್ಬೊಬ್ಬರು ದಿನಕ್ಕೆ ನೂರಾರು ಹೂವಿಗೆ. ಪೊಟ್ಟಣದಲ್ಲಿ ಎಣಿಸಿದಷ್ಟೇ ಬೀಜವಿದ್ದು ಬೆಲೆ ಮಾತ್ರ ಏಕೆ ಅಷ್ಟು ಎಂದು ಗೊಣಗುವ ಮುನ್ನ ಈ ಕೈಗಳನ್ನು ನೆನೆಯಬೇಕು. ಆದರೆ ಹೈಬ್ರಿಡ್ ಹಣ್ಣಿನ ಬೀಜ ತೆಗೆದು ಬಿತ್ತಿದರೆ ಒಂದು ಗಿಡ ಅಜ್ಜನ ಕಡೆಗೆ, ಇನ್ನೊಂದು ಅಜ್ಜಿಯ ಕಡೆಗೆ ಹೋಗುತ್ತದೆ; ರೋಗ ತಡೆಯುವ ಗುಣ ಕೆಲವಕ್ಕೆ ಬರುತ್ತದೆ, ಕೆಲವಕ್ಕೆ ಇಲ್ಲ. ಕಾಂಪೋಸ್ಟ್ ಬುಟ್ಟಿಯಲ್ಲಿ ತಾನಾಗಿ ಎದ್ದ ಟೊಮೇಟೊ ಸಸಿಗಳು ಒಂದೊಂದೂ ಒಂದೊಂದು ಥರ ಹಣ್ಣು ಬಿಡುವುದು ಇದೇ ಕಾರಣಕ್ಕೆ. ಬೀಜ ಉಳಿಸಿಕೊಳ್ಳುವ ಆಸೆಯಿದ್ದವರು ಸಾಮಾನ್ಯ ತಳಿಯನ್ನೇ ಹಿಡಿಯಿರಿ. ಎಲೆ ಮುದುಡು ರೋಗದ ಕಾಟ ವಿಪರೀತ ಇರುವ ಕಡೆ, ಅದರಲ್ಲೂ ಬೇಸಿಗೆ ಬೆಳೆಗೆ, ರೋಗ ತಡೆಯುವ ಹೈಬ್ರಿಡ್ ತಗೊಳ್ಳಿ.

ಪೊಟ್ಟಣದ ಹಿಂಬದಿ ಓದಿ. ಪರೀಕ್ಷೆ ಮಾಡಿದ ದಿನಾಂಕ, ಬಳಕೆಗೆ ಕೊನೆಯ ದಿನಾಂಕ, ಮೊಳಕೆ ಪ್ರಮಾಣ ಎಲ್ಲ ಅಲ್ಲಿರಬೇಕು. ಪ್ರಮಾಣಿತ ಟೊಮೇಟೊ ಬೀಜಕ್ಕೆ ನಮ್ಮಲ್ಲಿ ಕನಿಷ್ಠ ಶೇ 70 ಮೊಳಕೆ ಇರಬೇಕೆಂಬ ಮಾನದಂಡವಿದೆ. ಬೀಜ ಗುಲಾಬಿ ಅಥವಾ ನೀಲಿ ಬಣ್ಣದಲ್ಲಿದ್ದರೆ ಅದಕ್ಕೆ ಶಿಲೀಂಧ್ರನಾಶಕ ಲೇಪಿಸಿದ್ದಾರೆಂದು ಅರ್ಥ. ಮಕ್ಕಳ ಕೈಗೆ ಕೊಡಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ, ಅದನ್ನು ನೆನೆಹಾಕಲೂ ಹೋಗಬೇಡಿ. ಒಂದು ಗ್ರಾಮಿಗೆ ಸುಮಾರು 300 ಬೀಜ ಬರುತ್ತವೆ. ಒಂದು ಮನೆಗೆ ಆರು ಗಿಡ ಧಾರಾಳವಾಯಿತು. ಹನ್ನೆರಡು ಬೀಜ ಬಿತ್ತಿದರೆ ಸಾಕು.

ಬಿತ್ತುವುದಕ್ಕೆ ಟ್ರೇ ಕೊಳ್ಳಲೇಬೇಕೆಂದಿಲ್ಲ. ಅರ್ಧ ಲೀಟರಿನ ಹಾಲಿನ ಕವರು, ಮೊಸರಿನ ಡಬ್ಬಿ, ಕಣ್ಣು ತೂತು ಮಾಡಿದ ತೆಂಗಿನ ಕರಟ, ಯಾವುದಾದರೂ ಆದೀತು. ತಳದಲ್ಲಿ ನೀರು ಇಳಿದುಹೋಗುವ ತೂತು ಮಾತ್ರ ಇರಲೇಬೇಕು. ತುಂಬುವುದಕ್ಕೆ ತೋಟದ ಹಸಿ ಮಣ್ಣು ಬೇಡ. ಗಟ್ಟಿಯಾಗಿ ಕೂತು ಬೇರು ಇಳಿಯಗೊಡುವುದಿಲ್ಲ, ರೋಗದ ಬೂಷ್ಟನ್ನೂ ಜೊತೆಗೆ ತರುತ್ತದೆ. ಎರಡು ಪಾಲು ಕೊಕೊಪೀಟ್, ಒಂದು ಪಾಲು ಚೆನ್ನಾಗಿ ಕಳಿತು ಜರಡಿ ಹಿಡಿದ ಎರೆಗೊಬ್ಬರ, ಇಷ್ಟೇ ಸಾಕು. ಕೊಕೊಪೀಟ್ ಇಟ್ಟಿಗೆಯನ್ನು ನೆನೆಸಿದರೆ ಚಹಾ ಬಣ್ಣದ ನೀರು ಬರುತ್ತದೆ. ಆ ನೀರು ಚೆಲ್ಲಿ, ಬಣ್ಣ ತಿಳಿಯಾಗುವ ತನಕ ಎರಡು ಮೂರು ಸಲ ತೊಳೆಯಿರಿ. ತೊಳೆಯದಿದ್ದರೆ ಅದರಲ್ಲಿರುವ ಉಪ್ಪಿನಂಶ ಎಳೆ ಬೇರನ್ನು ಸುಡುತ್ತದೆ. ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿಯಷ್ಟೇ ತೊಟ್ಟಿಕ್ಕಬೇಕು. ಇದಕ್ಕೆ ರೋಗದ ಬೂಷ್ಟು ತಡೆಯುವ ಟ್ರೈಕೋಡರ್ಮಾ ಪುಡಿಯನ್ನು ಒಂದು ಚಮಚ ಬೆರೆಸಿದರೆ ಇನ್ನೂ ಒಳ್ಳೆಯದು.

ಅರ್ಧ ಇಂಚು ಮೀರದ ಆಳದಲ್ಲಿ ಬೀಜ ಇಟ್ಟು, ಮೇಲೆ ಅದೇ ಮಿಶ್ರಣ ಉದುರಿಸಿ, ಬೆರಳಿನಿಂದ ಮೃದುವಾಗಿ ಒತ್ತಿ. ಹಾಗೆ ಒತ್ತುವುದಕ್ಕೆ ಕಾರಣವಿದೆ. ಮೇಲಿನ ಪದರ ಸಡಿಲವಿದ್ದರೆ ಮೊಳಕೆ ಬೀಜದ ಸಿಪ್ಪೆಯನ್ನು ತಲೆಯ ಮೇಲೇ ಹೊತ್ತುಕೊಂಡು ಬರುತ್ತದೆ, ಎಲೆ ಬಿಡಿಸಿಕೊಳ್ಳಲಾಗದೆ ಒದ್ದಾಡುತ್ತದೆ. ಹಾಗೆ ಬಂದರೆ ಕೀಳಬೇಡಿ. ಒಂದು ಹನಿ ನೀರು ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಸಿಪ್ಪೆ ಮೆತ್ತಗಾಗಿ ಜಾರುತ್ತದೆ. 25ರಿಂದ 30 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದರೆ ಆರೇಳು ದಿನಕ್ಕೆ ಮೊಳೆಯುತ್ತದೆ. ಬೆಂಗಳೂರು, ಮೈಸೂರಿನ ಪುಷ್ಯದ ಚಳಿಯಲ್ಲಿ ಹತ್ತು ದಿನವೂ ಹಿಡಿದೀತು.

ಮೊಳಕೆ ಏಳುವುದನ್ನು ಒಮ್ಮೆ ಹತ್ತಿರ ಕೂತು ನೋಡಿ. ಮೊದಲು ಬರುವುದು ಎಲೆಯಲ್ಲ, ಬಾಗಿದ ಬೆನ್ನು. ಬಿಳಿ ಹಸಿರಿನ ಕೊಕ್ಕೆಯೊಂದು ಪುಡಿಯನ್ನು ಎತ್ತಿ ಒಡೆದುಕೊಂಡು ಮೇಲೆ ಬರುತ್ತದೆ, ಬೆಳಕು ತಾಗಿದ ಮೇಲೆ ನಿಧಾನವಾಗಿ ನೆಟ್ಟಗಾಗುತ್ತಾ ಎರಡು ಬೀಜದಳಗಳನ್ನು ಹೊರಗೆಳೆದುಕೊಳ್ಳುತ್ತದೆ. ಇವು ಉದ್ದಗೆ, ತುದಿ ಚೂಪಾಗಿ, ಅಂಚಿನಲ್ಲಿ ಕಚ್ಚುಗಳಿಲ್ಲದೆ ಇರುತ್ತವೆ, ನಾವು ಗುರುತಿಸುವ ಟೊಮೇಟೊ ಎಲೆಯ ಹಾಗಲ್ಲ. ಬೀಜದಲ್ಲಿದ್ದ ಬುತ್ತಿ ಖಾಲಿಯಾಗುವ ತನಕ ಸಸಿಗೆ ಗೊಬ್ಬರ ಬೇಡವೇ ಬೇಡ. ವಾರದ ಮೇಲೆ ನಡುವಿನಿಂದ ಕಚ್ಚುಳ್ಳ ನಿಜವಾದ ಎಲೆ ಇಣುಕುತ್ತದೆ. ಬೆರಳಿನಿಂದ ಸವರಿದರೆ ಆ ಪುಟ್ಟ ಎಲೆಯಿಂದಲೂ ಟೊಮೇಟೊ ಗಿಡದ ಘಾಟು ಬರುತ್ತದೆ, ಬೆರಳಿಗೆ ಹಳದಿ ಹಸಿರು ಕರೆ ಅಂಟುತ್ತದೆ. ಆಗಿನಿಂದ ವಾರಕ್ಕೊಮ್ಮೆ, ಎರೆಜಲಕ್ಕೆ ಹತ್ತು ಪಾಲು ನೀರು ಬೆರೆಸಿ ಕೊಟ್ಟರೆ ಸಾಕು.

ಮೊಳಕೆ ಕಂಡ ದಿನದಿಂದಲೇ ಬೆಳಕು ಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ಎಳೆಯದು, ಬಿಸಿಲು ತಡೆಯದು ಎಂಬ ಕನಿಕರದಿಂದ ಅಡುಗೆಮನೆಯ ಕಿಟಕಿಯಲ್ಲಿ, ಗ್ರಿಲ್ಲಿನ ಹಿಂದೆ ಇಟ್ಟುಕೊಳ್ಳುತ್ತಾರೆ. ಸಸಿ ಬೆಳಕು ಹುಡುಕಿಕೊಂಡು ನೀಳವಾಗಿ, ಬೆಳ್ಳಗೆ, ನೂಲಿನಂತೆ ಬೆಳೆದು ಒಂದು ಬದಿಗೆ ವಾಲುತ್ತದೆ. ಉದ್ದ ಕಂಡು ಸಂತೋಷಪಡುವಂತಿಲ್ಲ, ಅದು ಬೆಳಕಿಲ್ಲದ ಸಂಕಟ. ಬೆಳಗಿನ ಎಳೆಬಿಸಿಲಿಗೆ ಮೊದಲ ದಿನವೇ ಇಡಿ, ವಾರದಲ್ಲಿ ಐದಾರು ಗಂಟೆಯ ನೇರ ಬಿಸಿಲಿಗೆ ಒಗ್ಗಿಸಿ. ಮಧ್ಯಾಹ್ನದ ಉರಿಬಿಸಿಲಿಗೆ ಮಾತ್ರ ಮೊದಲ ಕೆಲವು ದಿನ ಮರೆ ಬೇಕು. ದಿನಕ್ಕೆರಡು ಸಲ ಅಂಗೈಯನ್ನು ಸಸಿಗಳ ತಲೆಯ ಮೇಲೆ ಮೆಲ್ಲಗೆ ಸವರುತ್ತಾ ಹೋಗಿ. ಗಾಳಿಗೆ ತೂಗಿದಂತಾಗಿ ಕಾಂಡ ಗಿಡ್ಡವಾಗಿ, ದಪ್ಪವಾಗಿ ಬೆಳೆಯುತ್ತದೆ. ಸವರುವ ಮೊದಲು ಸೋಪಿನಿಂದ ಕೈ ತೊಳೆದುಕೊಳ್ಳಿ. ಬೀಡಿ ಸಿಗರೇಟು ಸೇದುವವರು, ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರು ಇದನ್ನು ಮರೆಯಲೇಬಾರದು. ತಂಬಾಕಿನ ಮೊಸಾಯಿಕ್ ನಂಜು ಕೈಯಿಂದಲೇ ಟೊಮೇಟೊಗೆ ದಾಟುತ್ತದೆ.

ಇನ್ನೊಂದು ಶತ್ರು ನೀರು, ಅಂದರೆ ನಮ್ಮ ಅತಿಪ್ರೀತಿಯ ನೀರು. ಸಂಜೆ ನೋಡಿದಾಗ ಸಾಲಾಗಿ ನಿಂತಿದ್ದ ಸಸಿಗಳು ಬೆಳಿಗ್ಗೆ ಎದ್ದು ನೋಡಿದರೆ ಅಡ್ಡಡ್ಡ ಮಲಗಿರುತ್ತವೆ. ಎಲೆ ಇನ್ನೂ ಹಸಿರೇ. ಬಗ್ಗಿ ನೋಡಿದರೆ ಮಣ್ಣಿನ ಮಟ್ಟದಲ್ಲಿ ಕಾಂಡ ನೀರು ತುಂಬಿದಂತೆ ಕಂದಾಗಿ, ಕುಗ್ಗಿ, ದಾರ ಬಿಗಿದ ಹಾಗೆ ಸಣ್ಣಗಾಗಿರುತ್ತದೆ. ಇದೇ ಸಸಿ ಸಾಯುವ ರೋಗ. ಮಣ್ಣಿನಲ್ಲಿರುವ ಪಿಥಿಯಂ, ರೈಜೋಕ್ಟೋನಿಯಾದಂಥ ಬೂಷ್ಟುಗಳ ಕೆಲಸ. ಸದಾ ಒದ್ದೆ, ಒತ್ತೊತ್ತಾದ ಬಿತ್ತನೆ, ಗಾಳಿಯಿಲ್ಲದ ಜಾಗ, ಈ ಮೂರೂ ಸೇರಿದರೆ ಅವುಗಳಿಗೆ ಹಬ್ಬ. ಒಂದು ಸಸಿ ಬಿದ್ದದ್ದು ಕಂಡರೆ ಅದರ ಸುತ್ತಲಿನ ಮಣ್ಣಿನ ಸಮೇತ ತೆಗೆದುಹಾಕಿ, ಉಳಿದದ್ದಕ್ಕೆ ಒಂದು ದಿನ ನೀರು ನಿಲ್ಲಿಸಿ ಗಾಳಿಗಿಡಿ. ನೀರನ್ನು ಬೆಳಿಗ್ಗೆಯೇ ಕೊಡಿ, ಸಂಜೆ ಬೇಡ. ಮೇಲ್ಪದರ ಒಣಗಿ ಬಣ್ಣ ತಿಳಿಯಾದ ಮೇಲಷ್ಟೇ ಕೊಡಿ. ಡಬ್ಬಿಯನ್ನು ತಟ್ಟೆ ನೀರಿನಲ್ಲಿ ಹತ್ತು ನಿಮಿಷ ಇಟ್ಟು ತಳದಿಂದ ಹೀರಿಕೊಳ್ಳಲು ಬಿಡುವುದು ಎಲ್ಲಕ್ಕಿಂತ ಒಳ್ಳೆಯ ಕ್ರಮ. ಸಸಿಯನ್ನು ಕೈಯಲ್ಲಿ ಎತ್ತಿ ತೂಕ ನೋಡುವ ಅಭ್ಯಾಸವಾದರೆ ನೀರು ಯಾವಾಗ ಬೇಕೆಂದು ಯಾರನ್ನೂ ಕೇಳಬೇಕಾಗಿಲ್ಲ.

ಮತ್ತೆ ಬಿಳಿ ನೊಣಕ್ಕೆ ಬರೋಣ. ಮೊಳಕೆ ಕಂಡ ದಿನದಿಂದ ನಾಟಿ ಮಾಡುವ ತನಕ ಸಸಿಗಳು ಬಲೆಯೊಳಗೇ ಇರಬೇಕು. ಹಳೆಯ ಸೊಳ್ಳೆ ಪರದೆ ಸಾಲದು, ಅದರ ಕಣ್ಣು ದೊಡ್ಡದು, ಬಿಳಿ ನೊಣ ಸಲೀಸಾಗಿ ನುಸುಳುತ್ತದೆ. ಕೃಷಿ ಪರಿಕರದ ಅಂಗಡಿಗಳಲ್ಲಿ 40ರಿಂದ 50 ಮೆಶ್‌ನ ಕೀಟ ತಡೆ ಬಲೆ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ನಾಲ್ಕು ಬಿದಿರು ಕಡ್ಡಿ, ಒಂದೂವರೆ ಮೀಟರ್ ಬಲೆ, ಅಂಚಿಗೆ ನಾಲ್ಕು ಇಟ್ಟಿಗೆ ಇದ್ದರೆ ಪುಟ್ಟದೊಂದು ಸಸಿಮನೆ ಸಿದ್ಧ. ಬಲೆ ಸಿಗುವ ತನಕ ಹಳೆಯ ತೆಳು ವಾಯಿಲ್ ಸೀರೆಯ ತುಂಡೂ ನಡೆಯುತ್ತದೆ. ಒಳಗೊಂದು ಹಳದಿ ಅಂಟು ಹಾಳೆ ತೂಗುಹಾಕಿ. ನೊಣ ಹಳದಿಗೆ ಮರುಳಾಗಿ ಬಂದು ಅಂಟುತ್ತದೆ, ಒಳಗೆ ಯಾವುದಾದರೂ ನುಗ್ಗಿದ್ದರೆ ನಿಮಗೂ ತಿಳಿಯುತ್ತದೆ. ಈ ಪತ್ರದಲ್ಲಿ ಒಂದನ್ನು ಮಾತ್ರ ಪಾಲಿಸುತ್ತೇನೆ ಎನ್ನುವವರು ಈ ಬಲೆಯನ್ನು ಆರಿಸಿಕೊಳ್ಳಿ.

ಕಾಲದ ಬಗ್ಗೆ ಊರಿಗೊಂದು ಲೆಕ್ಕ. ಹಳೇ ಮೈಸೂರು ಕಡೆ ಜೂನ್–ಜುಲೈ, ಅಕ್ಟೋಬರ್–ನವೆಂಬರ್, ಜನವರಿ–ಫೆಬ್ರವರಿ ಮೂರೂ ಹೊತ್ತಿನಲ್ಲಿ ಸಸಿ ಬಿಡಬಹುದು. ಹೊಸಬರಿಗೆ ಅಕ್ಟೋಬರ್ ಎಲ್ಲಕ್ಕಿಂತ ಸುಲಭ. ಮಳೆ ಇಳಿದಿರುತ್ತದೆ, ಹೂ ಬಿಡುವ ಹೊತ್ತಿಗೆ ತಂಪು ರಾತ್ರಿಗಳು ಸಿಗುತ್ತವೆ. ಕಲಬುರಗಿ, ರಾಯಚೂರು ಕಡೆಯವರು ಬೇಸಿಗೆ ಬೆಳೆಯ ಆಸೆ ಬಿಡುವುದು ಮೇಲು. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ಸೆಕೆ ಇಳಿಯದಿದ್ದರೆ ಸಸಿ ಎಷ್ಟೇ ಚೆನ್ನಾಗಿದ್ದರೂ ಹೂ ಕಾಯಿಕಟ್ಟದೆ ಉದುರುತ್ತದೆ. ಕರಾವಳಿ, ಮಲೆನಾಡಿನವರು ಮಳೆಗಾಲ ಕಳೆಯುವ ತನಕ ಕಾಯಲಿ. ಹುಳಿ ಮಣ್ಣಿನ ಆ ಕಡೆ ದುಂಡಾಣು ಸೊರಗು ರೋಗದ ಕಾಟವೂ ಉಂಟು. ಹಸಿರಾಗಿದ್ದ ಗಿಡ ಇದ್ದಕ್ಕಿದ್ದಂತೆ ಬಾಡಿದರೆ ಬುಡದ ಕಾಂಡದ ತುಂಡೊಂದನ್ನು ಕತ್ತರಿಸಿ, ಗಾಜಿನ ಲೋಟದ ತಿಳಿ ನೀರಿನಲ್ಲಿ ಇಳಿಬಿಟ್ಟು ಕೆಲವು ನಿಮಿಷ ನೋಡಿ. ಕತ್ತರಿಸಿದ ಬಾಯಿಂದ ಹಾಲಿನಂಥ ಎಳೆಗಳು ಇಳಿದರೆ ಅದೇ ರೋಗ. ಆ ಮಣ್ಣಿನಲ್ಲಿ ಮತ್ತೆ ಟೊಮೇಟೊ, ಬದನೆ, ಮೆಣಸು ಹಾಕಬೇಡಿ. ಅಂಥ ಕಡೆಗೆ ಅರ್ಕಾ ಆಭಾ, ಅರ್ಕಾ ಆಲೋಕ್‌ನಂಥ ತಡೆಯುವ ತಳಿಗಳಿವೆ. ಬದನೆಯ ಬೇರಿನ ಮೇಲೆ ಟೊಮೇಟೊ ಕಸಿ ಕಟ್ಟುವ ಕ್ರಮವೂ ಇದೆ.

ಹೊರದೇಶದಲ್ಲಿರುವ ಕನ್ನಡದ ಬಂಧುಗಳಿಗೆ ಎರಡು ಮಾತು. ಶಿಕಾಗೊದಲ್ಲೋ ನ್ಯೂಜೆರ್ಸಿಯಲ್ಲೋ ಇರುವ ನಿಮಗೆ ಇಬ್ಬನಿ ಹೆಪ್ಪುಗಟ್ಟುವ ಕೊನೆಯ ದಿನವೇ ಪಂಚಾಂಗ. ಅದಕ್ಕೆ ಆರರಿಂದ ಎಂಟು ವಾರ ಮೊದಲು ಮನೆಯೊಳಗೆ ದೀಪದ ಬೆಳಕಿನಲ್ಲಿ ಬಿತ್ತಬೇಕು, ತಳಕ್ಕೆ ಕಾವು ಕೊಡಬೇಕು. ನಿಮ್ಮ ಆ ಕ್ರಮ ಓದಿ ಇಲ್ಲಿ ದೀಪ, ಕಾವುಪಟ್ಟಿಗಳಿಗೆ ದುಡ್ಡು ಸುರಿಯುವವರಿದ್ದಾರೆ; ನಮಗೆ ಅದರ ಅಗತ್ಯ ಕಾಣೆ. ಊರಿಗೆ ಬಂದಾಗ ಅಮ್ಮ ಕಟ್ಟಿಕೊಟ್ಟ ಬೀಜದ ಪೊಟ್ಟಣವನ್ನು ಸೂಟ್‌ಕೇಸಿನಲ್ಲಿ ಒಯ್ಯಬೇಡಿ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಬೀಜ ತರುವಂತಿಲ್ಲವೆಂಬ ಕಾನೂನು ಹಲವು ದೇಶಗಳಲ್ಲಿದೆ, ಹೊಸದೊಂದು ನಂಜಿನ ಭಯದಿಂದ ಅಮೆರಿಕ 2019ರಲ್ಲಿ ಟೊಮೇಟೊ ಬೀಜದ ಮೇಲಿನ ನಿಯಮವನ್ನು ಇನ್ನಷ್ಟು ಬಿಗಿ ಮಾಡಿತು.

ಮತ್ತೆ ನಮ್ಮ ಬಲೆಯೊಳಗಿನ ಸಸಿಗಳಿಗೆ ಬರೋಣ. ಇಪ್ಪತ್ತೈದು ದಿನದ ಸಸಿಗೆ ನಾಲ್ಕೈದು ಎಲೆಗಳಿರುತ್ತವೆ, ಎತ್ತರ ಮುಕ್ಕಾಲು ಗೇಣು. ನಾಟಿಗೆ ಇದೇ ಹದ. ಹೂ ಬಿಟ್ಟ ಸಸಿಯೇ ಬೇಗ ಹಣ್ಣು ಕೊಡುತ್ತದೆಂಬ ನಂಬಿಕೆ ತಪ್ಪು. ಡಬ್ಬಿಯಲ್ಲೇ ಹೂ ಬಿಟ್ಟ ಸಸಿಯ ಬೇರು ಜಾಗ ಸಾಲದೆ ತಳದಲ್ಲಿ ಸುತ್ತಿಕೊಂಡಿರುತ್ತದೆ, ಅದು ಮತ್ತೆ ಚೇತರಿಸಿಕೊಳ್ಳುವುದು ನಿಧಾನ. ನಾಟಿಗೆ ಒಂದು ವಾರ ಮುಂಚೆ ನೀರು ಕಡಿಮೆ ಮಾಡಿ, ಬಲೆ ತೆಗೆಯದೆಯೇ ಪೂರ್ತಿ ಬಿಸಿಲಿಗೆ ಬಿಟ್ಟು ಗಟ್ಟಿಮಾಡಿ. ಸಂಜೆ ಹೊತ್ತು ನೆಡಿ. ಅಡಿಯ ಎಲೆಗಳನ್ನು ಚಿವುಟಿ, ಕಾಂಡದ ಅರ್ಧದಷ್ಟನ್ನು ಮಣ್ಣಿನೊಳಗೆ ಇಳಿಸಿ ನೆಡಬಹುದು. ಹೂತ ಕಾಂಡದ ಉದ್ದಕ್ಕೂ ಹೊಸ ಬೇರು ಬರುವುದು ಟೊಮೇಟೊಗೆ ಇರುವ ದೊಡ್ಡ ವರ. ನೀಳವಾಗಿ ಬೆಳೆದ ಸಸಿಯನ್ನೂ ಹೀಗೆ ಉಳಿಸಿಕೊಳ್ಳಬಹುದು.

ಹಣ್ಣು ಬಂದ ಮೇಲೆ ಬೀಜ. ಚಂದದ ಹಣ್ಣನ್ನು ಆರಿಸುವ ಬದಲು ಚಂದದ ಗಿಡವನ್ನು ಆರಿಸಿ. ರೋಗ ಬಾರದ, ತುಂಬ ಕಾಯಿ ಹಿಡಿದ ಗಿಡದ ಮೇಲೆ ಎರಡು ಹಣ್ಣು ಪೂರ್ತಿ ಕಳಿಯಲಿ. ಟೊಮೇಟೊ ಹೂವಿನಲ್ಲಿ ಪರಾಗಕೋಶಗಳು ಕೊಳವೆಯಂತೆ ಕೂಡಿಕೊಂಡು ಶಲಾಕೆಯನ್ನು ಮುಚ್ಚಿಕೊಂಡಿರುವುದರಿಂದ ಹೂ ತನ್ನ ಪರಾಗದಿಂದಲೇ ಕಾಯಿಕಟ್ಟುತ್ತದೆ. ಪಕ್ಕದ ಕುಂಡದ ಬೇರೆ ತಳಿಯೊಂದಿಗೆ ಬೆರಕೆಯಾಗುವುದು ಅಪರೂಪ. ಬೀಜವನ್ನು ಲೋಳೆಯ ಸಮೇತ ಲೋಟಕ್ಕೆ ಹಿಂಡಿ, ಎರಡು ಮೂರು ದಿನ ಹುಳಿಯಲು ಬಿಡಿ. ಮೇಲೆ ಬಿಳಿ ಬೂಷ್ಟು ಕಟ್ಟುತ್ತದೆ, ವಾಸನೆಯೂ ಬರುತ್ತದೆ, ಗಾಬರಿ ಬೇಡ. ಮೊಳಕೆ ತಡೆಯುವ ಲೋಳೆ ಕರಗುವುದು ಹೀಗೆಯೇ. ನೀರು ಸುರಿದು ಕಲಕಿದರೆ ಗಟ್ಟಿ ಬೀಜ ತಳಕ್ಕಿಳಿಯುತ್ತದೆ, ಜೊಳ್ಳು ತೇಲುತ್ತದೆ. ತೊಳೆದು, ಸ್ಟೀಲ್ ತಟ್ಟೆಯ ಮೇಲೆ ಹರಡಿ ನೆರಳಲ್ಲಿ ಒಣಗಿಸಿ. ಕಾಗದದ ಮೇಲೆ ಹಾಕಿದರೆ ಅಂಟಿಕೊಳ್ಳುತ್ತದೆ. ಗಾಳಿಯಾಡದ ಬಾಟಲಿಯಲ್ಲಿ, ತಂಪು ಜಾಗದಲ್ಲಿಟ್ಟರೆ ನಾಲ್ಕು ವರ್ಷ ಚೆನ್ನಾಗಿ ಮೊಳೆಯುತ್ತದೆ.

ದುಡ್ಡು ಉಳಿಸಲೆಂದು ಟೊಮೇಟೊ ಬೆಳೆಯಲು ಇಳಿಯಬೇಡಿ. 2023ರ ಜುಲೈಯಲ್ಲಿ ಕೋಲಾರದಲ್ಲಿ 15 ಕಿಲೋ ಬಾಕ್ಸು 2 ಸಾವಿರ ರೂಪಾಯಿ ದಾಟಿದಾಗ ಎಷ್ಟೋ ಮನೆಗಳಲ್ಲಿ ಅವಸರದಿಂದ ಬೀಜ ಬಿತ್ತಿದರು. ಬಿತ್ತಿದ ದಿನದಿಂದ ಮೊದಲ ಹಣ್ಣಿಗೆ ಮೂರು ತಿಂಗಳು ಬೇಕು. ಆ ಗಿಡಗಳು ಹಣ್ಣು ಬಿಡುವ ಮೊದಲೇ, ಸೆಪ್ಟೆಂಬರಿನಲ್ಲಿ, ಬೆಲೆ ನೆಲಕಚ್ಚಿತ್ತು. ಬೆಲೆಯ ಹಿಂದೆ ಓಡಿದವರು ಆಮೇಲೆ ಗಿಡಗಳಿಗೆ ನೀರು ಹಾಕುವುದನ್ನೂ ಬಿಟ್ಟರು. ನಮ್ಮಂಥವರು ಬೆಳೆಯಬೇಕಾಗಿರುವುದು ಮಾರುಕಟ್ಟೆ ಕೈಬಿಟ್ಟ ಹುಳಿ ಹಣ್ಣುಗಳನ್ನು. ಲಾರಿ ಪ್ರಯಾಣ ತಾಳದ, ಮೂರೇ ದಿನಕ್ಕೆ ಮೆತ್ತಗಾಗುವ, ತೆಳು ಸಿಪ್ಪೆಯ ತಳಿಗಳನ್ನು ದೊಡ್ಡ ರೈತರು ಬೆಳೆದರೆ ನಷ್ಟವಾಗುತ್ತದೆ. ತಾರಸಿಯಿಂದ ಅಡುಗೆಮನೆಗೆ ಇಪ್ಪತ್ತು ಮೆಟ್ಟಿಲು ಇಳಿಯುವ ಹಣ್ಣಿಗೆ ಗಟ್ಟಿ ಸಿಪ್ಪೆ ಏಕೆ ಬೇಕು?

ಈ ಭಾನುವಾರವೇ ಶುರುಮಾಡಿ. ಒಂದು ತಳಿ, ಹನ್ನೆರಡು ಬೀಜ, ಒಂದು ತುಂಡು ಬಲೆ. ಆರು ಗಿಡ ನಿಮಗೆ ಉಳಿದರೆ ಮಿಕ್ಕವನ್ನು ಪಕ್ಕದ ಮನೆಯವರಿಗೆ, ಹತ್ತಿರದ ಶಾಲೆಗೆ ಕೊಡಿ. ಕೊಡುವಾಗ ತಳಿಯ ಹೆಸರು ಮತ್ತು ಬಿತ್ತಿದ ತಾರೀಖು ಬರೆದ ಚೀಟಿ ಅಂಟಿಸಿಯೇ ಕೊಡಿ. ತಗೊಳ್ಳುವವರೂ ಚೀಟಿ ಕೇಳಿಯೇ ತಗೊಳ್ಳಿ.

ಇಂತಿ,
ನಿಮ್ಮ ಹಾಗೆಯೇ ಕೈತೋಟ ಮಾಡುವ ಒಬ್ಬರು